ಅಪ್ಪ ಕೇಳಿ, ನೋಡದೇ ಉಳಿದ ಸ್ಪೇಸ್ ಕ್ಯಾಸೆಟ್ಟು: ಹುಡುಕಿ, ರಿಪೇರಿ ಮಾಡಿ, ಪರದೆಗೆ ತಂದಿದ್ದು

1988ರಲ್ಲಿ ಸಾಗರದ ನಮ್ಮನೇಲಿ ವಿಸಿಆರ್ ಇರಲಿಲ್ಲ. ಟಿವಿ ಇತ್ತು, ಮುಂದುಗಡೆ ಮರದ ಶಟರ್ ಎಳೆಯೋ ಬ್ಲ್ಯಾಕ್ ಅಂಡ್ ವೈಟ್ ಟಿವಿ. ವಿಸಿಆರ್ ಬೇಕು ಅಂದ್ರೆ ಬಾಡಿಗೆಗೆ ತರ್ಬೇಕು, ಜೊತೆಗೆ ಮೂರು ಸಿನಿಮಾ ಕ್ಯಾಸೆಟ್ಟು, ರಾತ್ರಿಯಿಡೀ ಅಕ್ಕಪಕ್ಕದವ್ರೆಲ್ಲ ಚಾಪೆ ಹಾಸ್ಕೊಂಡು ನೋಡೋದು, ಬೆಳಿಗ್ಗೆ ಹತ್ತರೊಳಗೆ ವಾಪಸ್. ಆ ಸಲ ಸಿನಿಮಾ ಎಲ್ಲ ಮುಗಿದು ಜನ ಎದ್ದು ಹೋದ್ಮೇಲೆ, ಬೆಳಗಿನ ಜಾವ ಅಪ್ಪ ಬೀರುವಿನಿಂದ ಇನ್ನೊಂದು ಕ್ಯಾಸೆಟ್ಟು ತೆಗೆದ್ರು. ಅಮೆರಿಕದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಕೊಟ್ಟು ಹೋಗಿದ್ದು, ಲೇಬಲ್ ಮೇಲೆ ಪೆನ್ನಲ್ಲಿ ‘ಸ್ಪೇಸ್’ ಅಂತ ಒಂದೇ ಪದ.

ಹಾಕಿದ್ರೆ ಚಿತ್ರ ನಿಲ್ಲೋದೇ ಇಲ್ಲ, ಕೆಳಗಿಂದ ಮೇಲಕ್ಕೆ ಉರುಳ್ತಾನೇ ಇದೆ. ಅಪ್ಪ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು, ಬಿಡೋ ಪೈಕಿ ಅಲ್ಲ, ಟಿವಿ ಹಿಂದೆ ಹೋಗಿ ವಿ-ಹೋಲ್ಡ್ ಅನ್ನೋ ಸಣ್ಣ ನಾಬ್ ಹಿಡ್ಕೊಂಡು ತಿರುಗಿಸ್ತಾ ‘ನಿಂತ್ಕೊಂಡ್ತಾ?’ ಅಂತ ಕೇಳ್ತಿದ್ರು, ನಾವು ‘ಹ್ಞೂಂ ನಿಂತ್ಕೊಂಡ್ತು’ ಅಂತಿದ್ವಿ, ಕೈ ಬಿಟ್ಟ ತಕ್ಷಣ ಮತ್ತೆ ಉರುಳೋಕೆ ಶುರು. ಕೊನೆಗೆ ಅವ್ರು ನಾಬ್ ಹಿಡ್ಕೊಂಡೇ ಪೂರ್ತಿ ನಿಂತ್ರು. ನಾನೂ ಅಕ್ಕನೂ ರಾಕೆಟ್ ನೋಡಿದ್ವಿ, ಬೆಳ್ಳಿ ಬಣ್ಣದ್ದಿರಬೇಕು ಅನ್ನಿಸೋ ಬಟ್ಟೆ ಹಾಕಿದ ಮನುಷ್ಯನ್ನ ನೋಡಿದ್ವಿ. ಅಪ್ಪ ಟಿವಿ ಹಿಂದಿನ ಗೋಡೆ ನೋಡ್ತಾ ಬರೀ ಕೇಳಿಸ್ಕೊಂಡ್ರು. ಮುಂದಿನ ವಾರ ಕ್ಲಾಸಲ್ಲಿ ಅದನ್ನೇ ಪಾಠ ಮಾಡಿದ್ರಂತೆ, ಗಗಾರಿನ್ ಮೇಲಕ್ಕೆ ಹೋಗಿ ಕೆಳಗೆ ಬರೋಕೆ ತಗೊಂಡಿದ್ದು 108 ನಿಮಿಷ, ಅಷ್ಟೋತ್ತರದ ಸಂಖ್ಯೆ, ಮರೀಬೇಡಿ ಅಂತ. ಅವರ ಹಳೇ ಸ್ಟೂಡೆಂಟ್ಸ್ ಈಗ್ಲೂ ಎದುರಿಗೆ ಸಿಕ್ರೆ ಈ 108 ಹೇಳ್ತಾರೆ.

ಅಪ್ಪನಿಗೆ ಈಗ 82. ಹೋದ ವರ್ಷ ಮಾತಿಗೆ ಮಾತು ಬಂದು ‘ಆ ಕ್ಯಾಸೆಟ್ಟಲ್ಲಿ ಏನೇನಿತ್ತೋ, ನಾನು ನೋಡ್ಲೇ ಇಲ್ವಲ್ಲೋ’ ಅಂದ್ರು. ಅಲ್ಲಿಂದ ಶುರುವಾಗಿದ್ದು ಇದು, ಆರು ತಿಂಗಳ ಭಾನುವಾರಗಳೆಲ್ಲ ಇದಕ್ಕೇ ಹೋಗಿದೆ. ಏನು ಮಾಡ್ದೆ, ಎಲ್ಲಿ ಸಿಕ್ಕಾಕೊಂಡೆ ಅಂತ ಬರೆದಿಡ್ತಿದೀನಿ, ಹಳೇ ಟೇಪ್ ಇಟ್ಕೊಂಡಿರೋ ಯಾರಿಗಾದ್ರೂ ಕೆಲಸಕ್ಕೆ ಬರುತ್ತೆ.

ಮೊದಲ ತೊಂದರೆ, ಹೆಸರೇ ಗೊತ್ತಿಲ್ಲ. ಚಿಕ್ಕಪ್ಪನಿಗೆ ನೆನಪಿಲ್ಲ, ಟಿವಿಯಲ್ಲಿ ಬರ್ತಿತ್ತು ರೆಕಾರ್ಡ್ ಒತ್ತಿದೆ ಅಷ್ಟೇ ಅಂತಾರೆ, ಶುರುವಿನ ಟೈಟಲ್ ಹೋದ್ಮೇಲೆ ಒತ್ತಿದಾರೆ. ನನ್ನ ಹತ್ರ ಇದ್ದ ಒಂದೇ ಗುರುತು ಆ ಧ್ವನಿ. ತಗ್ಗಿದ, ಸ್ವಲ್ಪ ಒರಟು, ಆದ್ರೆ ಅವಸರ ಇಲ್ದ ಧ್ವನಿ. ಅದು ಯಾರದ್ದು ಅಂತ ತಿಳಿದಿದ್ದು ಮಾತ್ರ ನಾನು ಅಂದ್ಕೊಳ್ಳದ ಕಡೆಯಿಂದ. ಒಂದು ಅಕ್ಟೋಬರ್ 2ರ ದಿನ ಮನೇಲಿ ‘ಗಾಂಧಿ’ ಸಿನಿಮಾ ಹಾಕಿದ್ವಿ, ಅದ್ರಲ್ಲಿ ಧರಾಸಣದ ಉಪ್ಪಿನ ಸತ್ಯಾಗ್ರಹದಲ್ಲಿ ಲಾಠಿ ಏಟು ಬೀಳೋದನ್ನ ನೋಡಿ ಒಬ್ಬ ಅಮೆರಿಕನ್ ಪತ್ರಕರ್ತ ಫೋನಲ್ಲಿ ವರದಿ ಓದಿ ಹೇಳ್ತಾನಲ್ಲ, ಅದನ್ನ ಕೇಳ್ತಾ ಕೇಳ್ತಾ ಎದ್ದು ಕೂತೆ. ಅದೇ ಧ್ವನಿ! ನಟ ಮಾರ್ಟಿನ್ ಶೀನ್. ಅವ್ರು ನಿರೂಪಣೆ ಕೊಟ್ಟ ಬಾಹ್ಯಾಕಾಶದ ಸಾಕ್ಷ್ಯಚಿತ್ರ ಯಾವ್ದು ಅಂತ ಹುಡುಕಿದ್ರೆ ಹತ್ತು ನಿಮಿಷದಲ್ಲಿ ಸಿಕ್ತು: ‘ಸ್ಪೇಸ್‌ಫ್ಲೈಟ್’, ಅಮೆರಿಕದ ಪಿಬಿಎಸ್ ಟಿವಿಯಲ್ಲಿ 1985ರಲ್ಲಿ ಬಂದ ನಾಲ್ಕು ಭಾಗದ ಸರಣಿ. ಭಾಗಗಳ ಹೆಸರು ‘ಥಂಡರ್ ಇನ್ ದ ಸ್ಕೈಸ್’, ‘ದ ವಿಂಗ್ಸ್ ಆಫ್ ಮರ್ಕ್ಯುರಿ’, ‘ಒನ್ ಜಯಂಟ್ ಲೀಪ್’, ‘ದ ಟೆರಿಟರಿ ಅಹೆಡ್’. ಅಪ್ಪ ಕೇಳಿಸ್ಕೊಂಡಿದ್ದು ಎರಡನೇದು.

ಹೆಸರು ಗೊತ್ತಾದ್ರೆ ಅರ್ಧ ಕೆಲಸ ಆಯ್ತು ಅಂದ್ಕೊಂಡೆ, ಆಗ್ಲಿಲ್ಲ. ‘ಸ್ಪೇಸ್‌ಫ್ಲೈಟ್’ ಅಂತ ಹುಡುಕಿದ್ರೆ ಪ್ರಪಂಚದ ಎಲ್ಲಾ ರಾಕೆಟ್ಟೂ ಬರುತ್ತೆ, ಇದೊಂದು ಬಿಟ್ಟು. ಇಂಥ ಸಾಮಾನ್ಯ ಹೆಸರಿನ ಕಾರ್ಯಕ್ರಮ ಹುಡುಕೋವಾಗ ಸರಣಿಯ ಹೆಸರು ಬಿಟ್ಟು ಎಪಿಸೋಡ್ ಹೆಸರಲ್ಲಿ ಹುಡುಕ್ಬೇಕು, ಅದೂ ನಿರೂಪಕರ ಹೆಸರು ಸೇರಿಸಿ, ಜೊತೆಗೆ ‘ವಿಎಚ್ಎಸ್’ (ಆ ವಿಡಿಯೋ ಕ್ಯಾಸೆಟ್ಟಿನ ನಮೂನೆ) ಅನ್ನೋ ಪದ ಹಾಕಿ. ಲೈಬ್ರರಿ ಕ್ಯಾಟಲಾಗ್‌ಗಳಲ್ಲೂ ಹಂಗೇ. ಹಳೇ ಸಾಮಾನು ಮಾರೋರು ಎಷ್ಟೋ ಸಲ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಏನಿದ್ಯೋ ಅಷ್ಟೇ ಟೈಪ್ ಮಾಡಿರ್ತಾರೆ, ಕಾಗುಣಿತನೂ ತಪ್ಪಿರುತ್ತೆ, ಅದಕ್ಕೆ ‘ಮರ್ಕ್ಯುರಿ’ ಸ್ಪೆಲ್ಲಿಂಗನ್ನ ಮೂರ್ನಾಲ್ಕು ತರ ತಪ್ಪಾಗಿ ಬರೆದೂ ಅಲರ್ಟ್ ಇಟ್ಟೆ. ನಾನು ತಡಕಾಡಿದ ಕಡೆ ಡಿವಿಡಿ ಎಲ್ಲೂ ಕಾಣ್ಲಿಲ್ಲ, ಸಿಕ್ಕಿದ್ದೆಲ್ಲ ಟೇಪೇ. ಎರಡು ತಿಂಗಳಾದ್ಮೇಲೆ ಮೊದಲ ಮೂರು ಭಾಗ ಒಟ್ಟಿಗೆ ಮಾರಾಟಕ್ಕೆ ಬಂತು. ಮಾರೋರಿಗೆ ಒಂದೇ ಒಂದು ಕೇಳ್ಕೊಂಡೆ, ಕ್ಯಾಸೆಟ್ಟಿನ ಕಿಟಕಿಯೊಳಗೆ ಕಾಣೋ ಟೇಪಿನ ಸುರುಳಿ ಫೋಟೋ ಹತ್ತಿರದಿಂದ ತೆಗೆದು ಕಳಿಸಿ ಅಂತ. ಸುರುಳಿ ಒಂದೇ ಸಮ ಕಪ್ಪಗೆ ಹೊಳೀತಿದ್ರೆ ತಗೋಬಹುದು, ಬಿಳಿ ಪುಡಿ ತರ ಕಂಡ್ರೆ ಬೂಷ್ಟು. ಫೋಟೋ ಚೆನ್ನಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿರೋ ಚಿಕ್ಕಪ್ಪನ ಮಗಳ ಮನೆಗೆ ತರಿಸಿ, ಅವಳು ಊರಿಗೆ ಬರೋವಾಗ ಹ್ಯಾಂಡ್ ಲಗೇಜಲ್ಲಿ ತಂದ್ಲು.

ಈಗ ಪ್ಲೇ ಮಾಡೋದು ಯಾವುದ್ರಲ್ಲಿ?

1988ರಲ್ಲಿ ಚಿತ್ರ ಯಾಕೆ ಉರುಳ್ತಿತ್ತು ಅನ್ನೋದು ಇಲ್ಲಿ ಮುಖ್ಯ. ಅಮೆರಿಕದ ಟೇಪು ಎನ್‌ಟಿಎಸ್‌ಸಿ ಅನ್ನೋ ಟಿವಿ ಪದ್ಧತಿಯದ್ದು, 525 ಗೆರೆ, ಸೆಕೆಂಡಿಗೆ ಸುಮಾರು 60 ಫೀಲ್ಡು, ಅಂದ್ರೆ ಅರ್ಧರ್ಧ ಚಿತ್ರ. ನಮ್ಮ ಟಿವಿ ಪಾಲ್, 625 ಗೆರೆ, 50 ಫೀಲ್ಡು. ಬಾಡಿಗೆ ವಿಸಿಆರ್ ಎರಡೂ ಪದ್ಧತಿ ಓದೋ ಮಲ್ಟಿ-ಸಿಸ್ಟಮ್ ಇದ್ದಿರಬೇಕು, ಟೇಪನ್ನ ಸರಿಯಾಗೇ ಓದ್ತಿತ್ತು, ಆದ್ರೆ ಟಿವಿ 50ರ ತಾಳಕ್ಕೆ ಕೂತಿದೆ, ಬರ್ತಿರೋದು 60ರ ತಾಳ, ಹಾಗಾಗಿ ಪ್ರತಿ ಚಿತ್ರವೂ ಜಾರುತ್ತೆ. ವಿ-ಹೋಲ್ಡ್ ತಿರುಗಿಸಿ ಅಪ್ಪ ಮಾಡ್ತಿದ್ದಿದ್ದು ಟಿವಿಯನ್ನ ಕೈಯಲ್ಲೇ 60ಕ್ಕೆ ಎಳೆದು ಹಿಡಿಯೋ ಕೆಲಸ. ಅದು ಅವ್ರಿಗೆ ಆಗ ಗೊತ್ತಿರಲಿಲ್ಲ, ಈಗ ಹೇಳಿದಾಗ ಬಹಳ ಖುಷಿ ಪಟ್ರು. ಪಾಲ್ ಮಾತ್ರ ಓದೋ ವಿಸಿಆರ್ ಆದ್ರೆ ಇದೂ ಆಗಲ್ಲ, ಯಾಕಂದ್ರೆ ಟೇಪ್ ಓದೋ ಹೆಡ್ ಇರೋ ಡ್ರಮ್ಮು ಪಾಲ್‌ಗೆ ನಿಮಿಷಕ್ಕೆ 1500 ಸುತ್ತು, ಎನ್‌ಟಿಎಸ್‌ಸಿಗೆ ಸುಮಾರು 1800 ಸುತ್ತು ತಿರುಗ್ಬೇಕು, ಟೇಪ್ ಓಡೋ ವೇಗನೂ ಬೇರೆ, ಒಂದರಲ್ಲಿ ಸೆಕೆಂಡಿಗೆ 23.39 ಮಿ.ಮೀ., ಇನ್ನೊಂದ್ರಲ್ಲಿ 33.35. ಅದಕ್ಕೆ ಮಲ್ಟಿ-ಸಿಸ್ಟಮ್ಮೇ ಬೇಕು.

ಬೆಂಗಳೂರಲ್ಲಿ ಬಿವಿಕೆ ಅಯ್ಯಂಗಾರ್ ರೋಡಿನ ಸಂಡೇ ಬಜಾರಲ್ಲಿ ನಾಲ್ಕು ಭಾನುವಾರ ಅಲೆದೆ. ಐದನೇ ವಾರ ಒಂದು ಜಪಾನಿ ಮಲ್ಟಿ-ಸಿಸ್ಟಮ್ ವಿಸಿಆರ್, ಸತ್ತಿರೋದು, 1200 ರೂಪಾಯಿಗೆ ಸಿಕ್ತು. ಮಾರೋರೇ ‘ಇದು ಆನ್ ಆಗಲ್ಲ ಸ್ವಾಮಿ, ಪಾರ್ಟ್ಸ್‌ಗೆ ತಗೊಳಿ’ ಅಂದ್ರು, ಪ್ರಾಮಾಣಿಕರು. ಪಕ್ಕದಲ್ಲೇ ಇನ್ನೊಂದು ಪೂರ್ತಿ ಹಾಳಾಗಿದ್ದ ಪಾಲ್ ವಿಸಿಆರ್ ಇತ್ತು, ಅದನ್ನೂ 300ಕ್ಕೆ ತಗೊಂಡೆ, ಅದರ ಉಪಯೋಗ ಆಮೇಲೆ ಬರುತ್ತೆ.

ಮುಚ್ಚಳ ತೆಗೆದ ಮೊದಲ ದಿನ ಪವರ್ ಸಪ್ಲೈ. ಎಸ್‌ಎಂಪಿಎಸ್ (ಅದೇ ಪವರ್ ಸಪ್ಲೈ ಬೋರ್ಡು) ಮುಟ್ಟೋ ಮುಂಚೆ ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಮಾಡ್ಲೇಬೇಕು, ಅದ್ರಲ್ಲಿ 300 ವೋಲ್ಟಿಗಿಂತ ಜಾಸ್ತಿ ಕೂತಿರುತ್ತೆ, ಪ್ಲಗ್ ತೆಗೆದ್ಮೇಲೂ ಇರಬಹುದು. ನಾನು ಹೋಲ್ಡರ್ ಹಾಕಿದ ಒಂದು ಹಳೇ ಬಲ್ಬನ್ನ ಅಡ್ಡ ಹಿಡಿದು ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ನೋಡಿ, ಆಮೇಲೆ ಕೈ ಹಾಕೋದು. ಸೆಕೆಂಡರಿ ಕಡೆ ನಾಲ್ಕು ಕೆಪಾಸಿಟರ್ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಅಂಟು ಸೋರಿ ಬೋರ್ಡ್ ಕಚ್ಚಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಂದ 105 ಡಿಗ್ರಿ ಶಾಖ ತಡೆಯೋ, ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರೋ (ಲೋ-ಇಎಸ್‌ಆರ್) ಕೆಪಾಸಿಟರ್ ತಂದು ಒಂಬತ್ತೂ ಬದಲಾಯಿಸ್ದೆ, ಹಾಳಾಗಿದ್ದು ನಾಲ್ಕೇ ಆದ್ರೂ ಮಿಕ್ಕವೂ ಅದೇ ವಯಸ್ಸಿನವು. ಸ್ವಿಚ್ ಹಾಕಿದ್ರೆ ಗಡಿಯಾರ ಹಸಿರಾಗಿ ಮಿಣುಕ್ತು.

ಕ್ಯಾಸೆಟ್ ಹಾಕಿದ್ರೆ ಒಳಗೆ ಹೋಗುತ್ತೆ, ಕುಂಯ್ ಅನ್ನುತ್ತೆ, ಹೊರಗೆ ಬರುತ್ತೆ. ಲೋಡಿಂಗ್ ಬೆಲ್ಟು. ಅದು ರಬ್ಬರಾಗಿ ಉಳಿದಿರಲಿಲ್ಲ, ಪುಲ್ಲಿ ಮೇಲೆ ಡಾಂಬರಿನ ತರ ಕರಗಿ ಕೂತಿತ್ತು, ಮುಟ್ಟಿದ್ರೆ ಬೆರಳಿಗೆ ಹತ್ತಿ ಸೋಪಲ್ಲಿ ಮೂರು ದಿನ ಹೋಗಲ್ಲ. ಟೂತ್‌ಪಿಕ್ಕಿಂದ ಪುಲ್ಲಿಯ ಗೀರೊಳಗಿಂದ ಕೆರೆದು, ಆಲ್ಕೋಹಾಲಲ್ಲಿ ಒರೆಸಿ, ದಾರ ಸುತ್ತಿ ಅಳತೆ ತಗೊಂಡೆ, ಹೊಸ ಬೆಲ್ಟು ಆ ಅಳತೆಗಿಂತ ಐದಾರು ಪರ್ಸೆಂಟ್ ಚಿಕ್ಕದಿರಬೇಕು, ಹಿಡಿತಕ್ಕೆ. ರೀಲು ತಿರುಗಿಸೋ ಐಡ್ಲರ್ ಚಕ್ರದ ಟೈರು ಕಲ್ಲಾಗಿತ್ತು, ಅದಕ್ಕೆ ಸರಿಯಾದ ಸೈಜಿನ ಓ-ರಿಂಗ್ ಹಾಕ್ದೆ, ಚೆನ್ನಾಗಿ ಕೂತ್ಕೊಂಡ್ತು. ಟೇಪನ್ನ ಎಳೆದು ಡ್ರಮ್ಮಿಗೆ ಸುತ್ತೋ ಗೈಡ್‌ಗಳು ಜಾರೋ ಹಳಿಯಲ್ಲಿದ್ದ ಗ್ರೀಸು ಮೇಣದ ತರ ಗಟ್ಟಿಯಾಗಿ ಗೈಡು ಅರ್ಧ ದಾರೀಲಿ ನಿಲ್ತಿತ್ತು, ಹಳೇದು ಪೂರ್ತಿ ತೆಗೆದು ಬಿಳಿ ಲಿಥಿಯಂ ಗ್ರೀಸು ತೆಳ್ಳಗೆ ಸವರಿದೆ. ಯಂತ್ರ ಯಾವ ಹಂತದಲ್ಲಿದೆ ಅಂತ ತಿಳಿಸೋ ಮೋಡ್ ಸ್ವಿಚ್ಚು ಬಿಚ್ಚಿ ಕಪ್ಪಾಗಿದ್ದ ಕಾಂಟ್ಯಾಕ್ಟ್ ತೊಳೆದೆ. ಇಷ್ಟಕ್ಕೆ ಮೂರು ಭಾನುವಾರ.

ಹೆಡ್ ಕ್ಲೀನಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಬಹಳ ಜನ ವಿಸಿಆರ್ ಕೊಲ್ಲೋದು ಇಲ್ಲೇ. ಡ್ರಮ್ಮು ಅಂದ್ರೆ 62 ಮಿ.ಮೀ. ಅಗಲದ ಹೊಳೆಯೋ ಲೋಹದ ಸಿಲಿಂಡರು, ಓರೆಯಾಗಿ ಕೂತಿರುತ್ತೆ. ಅದರ ಅಂಚಲ್ಲಿ ಸಣ್ಣ ಕಿಂಡಿ, ಕಿಂಡಿಯೊಳಗೆ ಸಾಸಿವೆಗಿಂತ ಸಣ್ಣ ಫೆರೈಟ್ ಚೂರು, ಅದೇ ಹೆಡ್ಡು. ಬೆಳಕಿಗೆ ಹಿಡಿದು ನೋಡಿದ್ರೆ ಮಾತ್ರ ಕಾಣುತ್ತೆ, ಗಾಜಿನಷ್ಟೇ ಪೆಡಸು. ಹತ್ತಿ ಸುತ್ತಿದ ಕಡ್ಡಿ ಹಾಕಿದ್ರೆ ನಾರು ಸಿಕ್ಕಿ ಎಳೆದು ಮುರಿಯುತ್ತೆ. ಮೇಲೆ ಕೆಳಗೆ ಉಜ್ಜಿದ್ರೂ ಮುರಿಯುತ್ತೆ. ಮೆತ್ತನೆ ಚರ್ಮದ ತುಂಡು, ಇಲ್ಲಾಂದ್ರೆ ದಪ್ಪ ಬಿಳಿ ಕಾಗದ, ಅದಕ್ಕೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಡ್ರಮ್ಮಿಗೆ ಒರಗಿಸಿ ಅಲ್ಲಾಡಿಸದೆ ಹಿಡ್ಕೋಬೇಕು, ಇನ್ನೊಂದು ಕೈಯಿಂದ ಡ್ರಮ್ಮಿನ ತಲೆ ಹಿಡಿದು ನಿಧಾನಕ್ಕೆ ತಿರುಗಿಸ್ಬೇಕು. ಹೆಡ್ಡು ಬಂದು ಕಾಗದ ಸವರಿ ಹೋಗುತ್ತೆ, ಬೆರಳಿಗೆ ಸಣ್ಣದಾಗಿ ಟಿಕ್ ಅಂತ ಗೊತ್ತಾಗುತ್ತೆ. ಕಾಗದದ ಮೇಲೆ ಕಂದು ಗೆರೆ ಬಂತು. ಮೂರನೇ ಕಾಗದಕ್ಕೆ ಗೆರೆ ನಿಲ್ತು. ಗೈಡ್‌ಗಳ ಎತ್ತರದ ಸ್ಕ್ರೂ ಮಾತ್ರ ನಾನು ಮುಟ್ಟಲಿಲ್ಲ, ಸಿಗ್ನಲ್ಲಿನ ಅಲೆ ತೋರ್ಸೋ ಆಸಿಲೋಸ್ಕೋಪ್ ಇಲ್ದೆ ಅದನ್ನ ತಿರುಗಿಸ್ಬಾರ್ದು.

ಹೋದ್ರೆ ಹೋಗ್ಲಿ ಅನ್ನೋ ಒಂದು ಸಿನಿಮಾ ಕ್ಯಾಸೆಟ್ಟು ಹಾಕಿ ಎರಡು ಗಂಟೆ ಓಡಿಸ್ದೆ. ಟೇಪು ತಿನ್ನಲಿಲ್ಲ, ಅಂಚು ಮಡಚ್ಲಿಲ್ಲ.

ಆಮೇಲೆ ಕ್ಯಾಪ್ಚರ್, ಅಂದ್ರೆ ಟೇಪಲ್ಲಿರೋದನ್ನ ಕಂಪ್ಯೂಟರಿಗೆ ತರೋದು. ಮೊದಲು ಎಲ್ಲರ ತರ ಯುಎಸ್‌ಬಿ ಡಾಂಗಲ್ ಹಾಕ್ದೆ. ಕಂಡಿದ್ದು ಬೇಜಾರಾಯ್ತು, ನೆಟ್ಟಗಿರೋ ಕಂಬ ಎಲ್ಲ ಹಾವಿನ ತರ ಓಲಾಡುತ್ತೆ, ಅಲ್ಲಲ್ಲಿ ಫ್ರೇಮು ಬಿಟ್ಟುಹೋಗುತ್ತೆ, ಅರ್ಧ ಗಂಟೆಗೆ ಮಾತು ಒಂದು ಕಡೆ ತುಟಿ ಒಂದು ಕಡೆ. ಟೇಪು ಅನ್ನೋದು ಪ್ಲಾಸ್ಟಿಕ್ಕು, ಎಳೆಯುತ್ತೆ, ಕುಗ್ಗುತ್ತೆ, ಹಾಗಾಗಿ ಪ್ರತಿ ಗೆರೆಯೂ ಬರಬೇಕಾದ ಕ್ಷಣಕ್ಕಿಂತ ಒಂಚೂರು ಹಿಂದೆ ಮುಂದೆ ಬರುತ್ತೆ. ಟಿವಿ ಇದನ್ನ ಸಹಿಸ್ಕೊಳ್ತಿತ್ತು, ಕಂಪ್ಯೂಟರ್ ಸಹಿಸಲ್ಲ. ಗೆರೆಗಳನ್ನ ಮತ್ತೆ ಸಾಲಾಗಿ ನಿಲ್ಸೋಕೆ ಟೈಮ್ ಬೇಸ್ ಕರೆಕ್ಟರ್ ಅಂತ ಬರುತ್ತೆ, ಟಿಬಿಸಿ ಅಂತಾರೆ, ಒಳ್ಳೇದು ತಗೊಳ್ಳೋಕೆ ಹೋದ್ರೆ ವಿಸಿಆರ್ ಬೆಲೆಯ ಎಷ್ಟೋ ಪಟ್ಟು.

ಇಲ್ಲಿ ನಂಗೆ ದಾರಿ ತೋರ್ಸಿದ್ದು ಚಂದ್ರನ ಚಿತ್ರಗಳ ಒಂದು ಕಥೆ. 1966, 67ರಲ್ಲಿ ನಾಸಾ ಚಂದ್ರನ ಸುತ್ತ ಸುತ್ತೋ ಐದು ಲೂನಾರ್ ಆರ್ಬಿಟರ್ ನೌಕೆ ಕಳಿಸ್ತು, ಅಪೊಲೊ ಇಳಿಯೋ ಜಾಗ ಹುಡುಕೋಕೆ. ಅವು ಕಳಿಸಿದ ಸಿಗ್ನಲ್ಲು ಟೇಪಲ್ಲಿತ್ತು, ಆ ಟೇಪ್ ಓದೋ ಆಂಪೆಕ್ಸ್ ಎಫ್‌ಆರ್-900 ಅನ್ನೋ ಫ್ರಿಜ್ಜಿನಷ್ಟು ದೊಡ್ಡ ಮಷೀನುಗಳನ್ನ ನ್ಯಾನ್ಸಿ ಇವಾನ್ಸ್ ಅನ್ನೋ ನಾಸಾದ ಆರ್ಕೈವಿಸ್ಟು ವರ್ಷಗಟ್ಲೆ ತಮ್ಮ ಮನೆ ಗ್ಯಾರೇಜಲ್ಲಿ ಇಟ್ಕೊಂಡು ಉಳಿಸಿದ್ರು. 2008ರಲ್ಲಿ ಡೆನ್ನಿಸ್ ವಿಂಗೊ ಮತ್ತೆ ಕೀತ್ ಕೌಯಿಂಗ್ ತಂಡದವ್ರು ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಆವರಣದಲ್ಲಿ ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡದಲ್ಲಿ ಕೂತು ಆ ಮಷೀನು ರಿಪೇರಿ ಮಾಡಿ, ಟೇಪಿನ ಮೂಲ ಸಿಗ್ನಲ್ಲನ್ನೇ ಡಿಜಿಟಲ್ ಮಾಡಿ, 1966ರ ಆಗಸ್ಟ್ 23ರ ಭೂಮಿ ಮೂಡೋ ಚಿತ್ರವನ್ನ ಆಗ ಪ್ರಿಂಟಾಗಿದ್ದಕ್ಕಿಂತ ಎಷ್ಟೋ ಸ್ಪಷ್ಟವಾಗಿ ಹೊರತೆಗೆದ್ರು. ಆ ಕಡೆ ಅಪೊಲೊ 11ರ ಮೂಲ ಟೇಪುಗಳು ಅಳಿಸಿ ಮರುಬಳಕೆ ಆಗಿಹೋದವು. ಗ್ಯಾರೇಜಲ್ಲಿ ಜಾಗ ಮಾಡಿ ಇಟ್ಟೋರು ಒಬ್ರು ಇದ್ದಿದ್ದಕ್ಕೆ ಚಂದ್ರನ ಚಿತ್ರ ಉಳೀತು. ನಂಗೆ ಇದು ಓದಿದಾಗೆಲ್ಲ ಗಂಟಲು ಕಟ್ಟುತ್ತೆ.

ಅದೇ ಉಪಾಯ ವಿಎಚ್ಎಸ್‌ಗೂ ಇದೆ. ವಿಸಿಆರ್ ಕೊಡೋ ವಿಡಿಯೋ ಬಿಟ್ಟು, ಹೆಡ್ಡಿಂದ ಬರೋ ಕಚ್ಚಾ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಸಿಗ್ನಲ್ಲನ್ನೇ ಹಿಡಿದು, ಮಿಕ್ಕಿದ್ದೆಲ್ಲ ಸಾಫ್ಟ್‌ವೇರಲ್ಲಿ ಮಾಡೋದು. ಸಾಫ್ಟ್‌ವೇರಿನ ಹೆಸರು ವಿಎಚ್ಎಸ್-ಡಿಕೋಡ್, ಉಚಿತ, ಟಿಬಿಸಿ ಕೆಲಸನೂ ಅದೇ ಮಾಡುತ್ತೆ. ಹಿಡಿಯೋಕೆ ಬೇಕಾಗಿದ್ದು ಕೊನೆಕ್ಸಂಟ್ ಸಿಎಕ್ಸ್2388 ಸರಣಿಯ ಚಿಪ್ ಇರೋ ಹಳೇ ಟಿವಿ ಟ್ಯೂನರ್ ಕಾರ್ಡು, ಲಿನಕ್ಸಲ್ಲಿ ಸಿಎಕ್ಸ್‌ಎಡಿಸಿ ಅನ್ನೋ ಡ್ರೈವರ್ ಹಾಕಿದ್ರೆ ಅದು ಟಿವಿ ಕೆಲಸ ಬಿಟ್ಟು ಸೆಕೆಂಡಿಗೆ 2.86 ಕೋಟಿ ಸ್ಯಾಂಪಲ್ ಹಿಡಿಯೋ ಯಂತ್ರ ಆಗುತ್ತೆ. ಎಸ್‌ಪಿ ರೋಡಿನ ಗುಜರಿ ರಾಶಿಯಲ್ಲಿ 150 ರೂಪಾಯಿಗೆ ಸಿಕ್ತು. ಪಿಸಿಐ ಸ್ಲಾಟ್ ಇರೋ ಹಳೇ ಕಂಪ್ಯೂಟರ್ ಮನೇಲೇ ಇತ್ತು. ವಿಸಿಆರ್ ಒಳಗೆ ಹೆಡ್ ಆಂಪ್ಲಿಫೈಯರ್ ಬೋರ್ಡಿನ ಮೇಲೆ ‘ಪಿಬಿ ಎಫ್‌ಎಂ’ ಅಂತ ಪ್ರಿಂಟಾಗಿರೋ ಟೆಸ್ಟ್ ಪಾಯಿಂಟ್ ಇದೆ, ಅಲ್ಲಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ತೆಳ್ಳಗಿನ ಕೋಆಕ್ಸಿಯಲ್ ವೈರು ಎಳೆದು, ಶೀಲ್ಡನ್ನ ಪಕ್ಕದ ಗ್ರೌಂಡಿಗೆ ಬೆಸುಗೆ ಹಾಕಿ, ಹಿಂದಿನ ಮುಚ್ಚಳದಲ್ಲಿ ತೂತು ಕೊರೆದು ಬಿಎನ್‌ಸಿ ಸಾಕೆಟ್ ಕೂರಿಸ್ದೆ. ಒಂದು ಗಂಟೆ ಟೇಪಿಗೆ ಸುಮಾರು 103 ಜಿಬಿ ಆಗುತ್ತೆ, ಆಮೇಲೆ ಫ್ಲ್ಯಾಕ್ ಅನ್ನೋ, ಏನೂ ಕಳೆಯದ ಫಾರ್ಮ್ಯಾಟಿಗೆ ಒತ್ತಿದ್ರೆ ಬಹಳಷ್ಟು ಇಳಿಯುತ್ತೆ. ಡಿಸ್ಕ್ ನಿಧಾನ ಇದ್ರೆ ಮಧ್ಯೆ ಕತ್ತರಿಸುತ್ತೆ, ಎಸ್‌ಎಸ್‌ಡಿಗೇ ಬರೀಬೇಕು.

ಎರಡನೇ ಭಾಗದ ಮಧ್ಯದಿಂದ ಎರಡು ನಿಮಿಷ ಹಿಡಿದು ಡಿಕೋಡ್ ಮಾಡ್ದೆ. ಚಿತ್ರ ನಿಂತಿದೆ, ಕಂಬ ನೆಟ್ಟಗಿದೆ, ಆದ್ರೆ ಬಣ್ಣ ಇಲ್ಲ. ಪೂರ್ತಿ ಬೂದು. ಒಂದು ವಾರ ಇದಕ್ಕೆ ಹೋಯ್ತು. ವಿಎಚ್ಎಸ್‌ನಲ್ಲಿ ಬೆಳಕಿನ ಮಾಹಿತಿ ಮೇಲಿನ ಫ್ರೀಕ್ವೆನ್ಸಿಯಲ್ಲಿ, ಸುಮಾರು 3.4ರಿಂದ 4.4 ಮೆಗಾಹರ್ಟ್ಸ್, ಬಣ್ಣವನ್ನ ಕೆಳಗಿಳಿಸಿ 629 ಕಿಲೋಹರ್ಟ್ಸ್‌ನಲ್ಲಿ ಇಟ್ಟಿರ್ತಾರೆ. ಕೆಪಾಸಿಟರ್ ಚಿಕ್ಕದಾದ್ರೆ ಕೆಳಗಿನ ಫ್ರೀಕ್ವೆನ್ಸಿ ಸೋಸಿಹೋಗಿ ಬಣ್ಣ ಸಾಯುತ್ತೆ, ಅದೇ ಇರಬೇಕು ಅಂತ ಬಿಚ್ಚಿ ಅಳೆದೆ, 10 ಸರಿಯಾಗೇ ಇತ್ತು. ಬೆಸುಗೆ ಮತ್ತೆ ಹಾಕ್ದೆ. ಪಾಲ್ ಅಂತ ಸೆಟ್ಟಿಂಗ್ ಬಿಟ್ಟಿದೀನಾ ನೋಡ್ದೆ, ಇಲ್ಲ. ಕೊನೆಗೆ ಕಚ್ಚಾ ಫೈಲಿನ ಸ್ಪೆಕ್ಟ್ರಮ್ ತೆಗೆದ್ರೆ 629 ಹತ್ರ ಸಣ್ಣ ದಿಣ್ಣೆ ಕಾಣಿಸ್ತಿದೆ, ಅಂದ್ರೆ ಬಣ್ಣದ ಬರ್ಸ್ಟ್ (ಬಣ್ಣ ಓದೋಕೆ ಆಧಾರವಾಗೋ ಗುರುತು ಸಿಗ್ನಲ್ಲು) ಟೇಪಲ್ಲಿದೆ, ಡಿಕೋಡರಿಗೂ ಸಿಗ್ತಿದೆ. ಹಂಗಾದ್ರೆ ಎಲ್ಲಿ ಹೋಯ್ತು? ಮತ್ತೆ ಹತ್ತು ನಿಮಿಷ ಹಿಡಿದೆ. ಎಂಟು ಗೆರೆಯಲ್ಲಿ ಹೇಳೋದನ್ನ ಒಂದು ಸಾಲಲ್ಲಿ ಹೇಳ್ತೀನಿ: ನಾನು ಆರಿಸ್ಕೊಂಡಿದ್ದ ಎರಡು ನಿಮಿಷ ಹಳೇ ನ್ಯೂಸ್‌ರೀಲು, ಅದು ಮೂಲದಲ್ಲೇ ಕಪ್ಪು ಬಿಳುಪು.

ಅದಾದ್ಮೇಲೆ ಬಂದ ಶಾಟು ಇನ್ನೂ ಕಣ್ಣಲ್ಲಿದೆ. ಅಮೆರಿಕದ ಮೊದಲ ಗಗನಯಾನ ಯೋಜನೆ ಮರ್ಕ್ಯುರಿಯ ಗಗನಯಾತ್ರಿ ಸೂಟು ಹಾಕ್ಕೊಂಡು ನಡೆದು ಬರ್ತಿದಾನೆ. ಸೂಟು ನಿಜವಾಗ್ಲೂ ಬೆಳ್ಳಿ, ತವರದ ತಗಡಿನ ತರ ಮಡಿಕೆ ಮಡಿಕೆಯಲ್ಲಿ ಬೆಳಕು ಒಡೀತಿದೆ, ಕೈಯಲ್ಲೊಂದು ಪೆಟ್ಟಿಗೆ, ಅದರಿಂದ ಪೈಪು ಸೂಟಿಗೆ. 1988ರಲ್ಲಿ ನಾನೂ ಅಕ್ಕನೂ ಅದು ಊಟದ ಡಬ್ಬಿ ಅಂತ ತೀರ್ಮಾನ ಮಾಡಿದ್ವಿ, ಮೇಲೆ ಹೋದ್ಮೇಲೆ ತಿನ್ನೋಕೆ. ಅದು ಸೂಟಿನೊಳಗೆ ತಂಪು ಗಾಳಿ ಕೊಡೋ ಪೋರ್ಟಬಲ್ ಏರ್ ಕಂಡೀಷನರ್. ಅಕ್ಕನಿಗೆ ಆ ಫ್ರೇಮು ಕಳಿಸ್ದೆ, ಒಂದು ನಿಮಿಷದಲ್ಲಿ ಫೋನು ಬಂತು, ‘ಡಬ್ಬಿ!’ ಅಂದ್ಲು.

ಪೂರ್ತಿ ಎಪಿಸೋಡು ಡಿಕೋಡ್ ಆಗೋಕೆ ನನ್ನ ಮಷೀನಲ್ಲಿ ಒಂದು ಇಡೀ ರಾತ್ರಿ ಬೇಕು, ಒಂದು ಗಂಟೆಗೆ ಸುಮಾರು 1,08,000 ಫ್ರೇಮು. ಆಡಿಯೋ ಬೇರೆ ದಾರೀಲಿ, ವಿಸಿಆರ್ ಹಿಂದಿನ ಆರ್‌ಸಿಎ ಸಾಕೆಟ್ಟಿಂದ ಸೌಂಡ್ ಕಾರ್ಡಿಗೆ. ಸೌಂಡ್ ಕಾರ್ಡಿನ ಗಡಿಯಾರ ಬೇರೆ, ಟ್ಯೂನರ್ ಕಾರ್ಡಿನ ಗಡಿಯಾರ ಬೇರೆ, ಹಾಗಾಗಿ ಕೊನೆ ಹೊತ್ತಿಗೆ ಅರ್ಧ ಸೆಕೆಂಡ್ ಜಾರಿತ್ತು, ಶುರುವಲ್ಲಿ ಒಂದು ಗುರುತು ಕೊನೇಲಿ ಒಂದು ಗುರುತು ಹಿಡಿದು ಆಡಿಯೋನ ಒಂಚೂರು ಎಳೆದು ಕೂರಿಸ್ದೆ. ಮಾಸ್ಟರ್ ಕಾಪಿ ಎಫ್‌ಎಫ್‌ವಿ1 ಅನ್ನೋ, ಗುಣ ಕಳೆಯದ ಫಾರ್ಮ್ಯಾಟಲ್ಲಿ, ಇಂಟರ್‌ಲೇಸ್ (ಅರ್ಧರ್ಧ ಚಿತ್ರ ಹೆಣೆದಿರೋದು) ಹಂಗೇ ಬಿಟ್ಟಿದೀನಿ, ನಾಳೆ ಇದಕ್ಕಿಂತ ಒಳ್ಳೆ ಸಾಫ್ಟ್‌ವೇರ್ ಬಂದ್ರೆ ಮತ್ತೆ ಮಾಡಬಹುದು. ನೋಡೋ ಕಾಪಿ ಮಾತ್ರ ಡಿಇಂಟರ್‌ಲೇಸ್ ಮಾಡಿ ಸೆಕೆಂಡಿಗೆ 59.94 ಫ್ರೇಮು. ಹಳೇ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಲ್ಲಿ ತೆಗೆದಿದ್ದು, ಅದನ್ನ ವಿಡಿಯೋಗೆ ತರೋವಾಗ ಒಂದು ಚೌಕಟ್ಟಿಗೆ ಮೂರು ಫೀಲ್ಡು ಮುಂದಿನದಕ್ಕೆ ಎರಡು ಅಂತ ಹಂಚ್ತಾರೆ, ಅದನ್ನ ಬಿಚ್ಚಿ ವಾಪಸ್ 24 ಮಾಡೋಣ ಅಂತ ನೋಡ್ದೆ, ಆದ್ರೆ ಕಟ್ ಬಂದ ಕಡೆ ಆ ಲೆಕ್ಕ ತಪ್ಪುತ್ತೆ, ಕೈಬಿಟ್ಟೆ.

ಎರಡನೇ ಟೇಪಲ್ಲಿ ಒಂದು ಗಾಯ ಇತ್ತು. ಯಾವ್ದೋ ಕಾಲದಲ್ಲಿ ಯಾವ್ದೋ ಮಷೀನು ಕಚ್ಚಿ ಟೇಪು ಉದ್ದಕ್ಕೆ ಮಡಚಿದೆ, ಸುಮಾರು 40 ಸೆಕೆಂಡು ಬರೀ ಹಿಮದ ತರ ಬಿಳಿ ಚುಕ್ಕೆ. ಎಷ್ಟು ಸಲ ಓಡಿಸಿದ್ರೂ ಅಷ್ಟೇ. ಆಗ ನೆನಪಾಗಿದ್ದು ಚಿಕ್ಕಪ್ಪನ ಟೇಪು. ಸಾಗರದ ಮನೆ ಅಟ್ಟದ ಮೇಲೆ, ಮೂವತ್ತು ಚಿಲ್ಲರೆ ಮಳೆಗಾಲ ಕಂಡಿರೋ ಟ್ರಂಕಲ್ಲಿ ಸಿಕ್ತು. ಕಿಟಕಿಯೊಳಗೆ ನೋಡಿದ್ರೆ ಸುರುಳಿ ಮೇಲೆ ಬೂದಿ ಚೆಲ್ಲಿದ ಹಂಗೆ ಬಿಳಿ ಬೂಷ್ಟು. ಇದನ್ನ ಹಂಗೇ ವಿಸಿಆರಿಗೆ ಹಾಕಿದ್ರೆ ಟೇಪೂ ಹೋಗುತ್ತೆ, ಹೆಡ್ಡೂ ಹೋಗುತ್ತೆ, ಆಮೇಲೆ ಹಾಕೋ ಎಲ್ಲಾ ಟೇಪಿಗೂ ಬೂಷ್ಟು ಹತ್ತುತ್ತೆ.

ಗಾಳಿಯಾಡದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಹನ್ನೆರಡು ದಿನ ಇಟ್ಟೆ. ಒಣಗಿದ ಬೂಷ್ಟು ಪುಡಿಯಾಗಿ ಬರುತ್ತೆ, ಹಸಿ ಬೂಷ್ಟು ಬಳ್ಕೊಳ್ಳುತ್ತೆ, ಅದಕ್ಕೆ ಕಾಯ್ಲೇಬೇಕು. ಆಮೇಲೆ ಟೆರೇಸ್ ಮೇಲೆ, ಎನ್-95 ಮಾಸ್ಕು, ಗ್ಲೌಸು ಹಾಕ್ಕೊಂಡು ಕ್ಯಾಸೆಟ್ಟಿನ ಬೆನ್ನಿನ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನ ಹೊಸ ಶೆಲ್ಲಿಗೆ ಹಾಕ್ದೆ. 300 ರೂಪಾಯಿಯ ಸತ್ತ ವಿಸಿಆರ್ ಇತ್ತಲ್ಲ, ಅದರ ಡ್ರಮ್ಮು ತೆಗೆದು, ರೀಲ್ ಮೋಟರಿಗೆ ಹೊರಗಿಂದ ಕರೆಂಟ್ ಕೊಟ್ಟು, ಟೇಪು ಹಾದುಹೋಗೋ ದಾರಿಯ ಎರಡೂ ಕಡೆ ನಾರು ಬಿಡದ ಬಟ್ಟೆಯ ಪ್ಯಾಡು ಇಟ್ಟು ನಿಧಾನಕ್ಕೆ ಸುತ್ತಿಸ್ದೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ, ಪ್ರತಿ ಸಲ ಹೊಸ ಬಟ್ಟೆ. ಆರನೇ ಸಲಕ್ಕೆ ಬಟ್ಟೆ ಬಿಳಿ ಬಂತು. ಒಳ್ಳೆ ವಿಸಿಆರಿಗೆ ಹಾಕೋ ಮುಂಚೆ ದೇವರಿಗೆ ಕೈ ಮುಗಿದೆ, ಸುಳ್ಳಲ್ಲ.

ಚಿಕ್ಕಪ್ಪ ಟೇಪು ಉಳಿಸೋಕೆ ಇಪಿ ಸ್ಪೀಡಲ್ಲಿ ರೆಕಾರ್ಡ್ ಮಾಡಿದಾರೆ, ಅಂದ್ರೆ ಮೂರನೇ ಒಂದು ವೇಗ. ಒಂದೊಂದು ಟ್ರ್ಯಾಕಿನ ಅಗಲ ಬರೀ 19 ಮೈಕ್ರಾನು, ಮಾಮೂಲಿ ಎಸ್‌ಪಿ ಸ್ಪೀಡಲ್ಲಿ ಅದು 58. ಸಿಗ್ನಲ್ಲು ತೆಳು, ಚಿತ್ರ ಮಂಜು ಮಂಜು, ಮೇಲ್ಭಾಗ ಸ್ವಲ್ಪ ಬಾಗುತ್ತೆ. ಆದ್ರೆ ನಂಗೆ ಬೇಕಾಗಿದ್ದ 40 ಸೆಕೆಂಡು ಪೂರ್ತಿ ಇತ್ತು. ಅದನ್ನ ಅಲ್ಲಿಗೆ ಕೂರಿಸ್ದೆ. ಬಣ್ಣ ಹೊಂದಿಸೋಕೆ ಜಾಸ್ತಿ ಹೋಗ್ಲಿಲ್ಲ, ಅದು ಚಿಕ್ಕಪ್ಪನ ಟೇಪಿಂದ ಬಂದಿದ್ದು ಅಂತ ಕಾಣ್ಲಿ.

ಸಾಗರಕ್ಕೆ ಲ್ಯಾಪ್‌ಟಾಪ್ ತಗೊಂಡು ಹೋಗಿ ದೊಡ್ಡ ಟಿವಿಗೆ ಹಾಕ್ದೆ. ಅಪ್ಪ ಕನ್ನಡಕ ಒರೆಸ್ಕೊಂಡು ಕುರ್ಚಿ ಹತ್ರಕ್ಕೆ ಎಳ್ಕೊಂಡ್ರು. ಮಾತು ಶುರುವಾಗ್ತಿದ್ದಂಗೇ ‘ಇದೇ, ಇದೇ ದನಿ’ ಅಂದ್ರು. ಆಮೇಲೆ ಒಂದು ಗಂಟೆ ಮಾತಿಲ್ಲ. ಮಧ್ಯೆ ಒಂದು ಕಡೆ ಮಾತ್ರ ನಿಲ್ಸು ಅಂದ್ರು, ರಾಕೆಟ್ಟಿಂದ ಕೇಬಲ್ ಕಳಚಿ ಬೀಳೋ ಕಡೆ, ಹಿಂದಕ್ಕೆ ಹಾಕಿಸಿ ಎರಡು ಸಲ ನೋಡಿದ್ರು, ‘ಅಷ್ಟು ಸಣ್ಣ ರಾಕೆಟ್ಟಾ! ಶೆಪರ್ಡ್ ಹದಿನೈದೇ ನಿಮಿಷ ಹೋಗಿ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ನೋಡು, ಕಣ್ಣಲ್ಲಿ ನೋಡಿದ್ರೆ ಮಕ್ಳಿಗೆ ಸರಿಯಾಗಿ ಹೇಳ್ತಿದ್ದೆ’ ಅಂದ್ರು. ಗಗಾರಿನ್ ಹೋಗಿ 23 ದಿನಕ್ಕೆ, 1961ರ ಮೇ 5ಕ್ಕೆ ಅಮೆರಿಕದ ಮೊದಲ ಗಗನಯಾತ್ರಿ ಶೆಪರ್ಡ್ ಹೋಗಿದ್ದು, ಕಕ್ಷೆಗೆ ಹೋಗೋಷ್ಟು ಬಲ ಆ ರೆಡ್‌ಸ್ಟೋನ್ ರಾಕೆಟ್ಟಿಗೆ ಇರಲಿಲ್ಲ.

ಚಿಕ್ಕಪ್ಪನ 40 ಸೆಕೆಂಡ್ ಬಂದಾಗ ಚಿತ್ರದ ಮೇಲ್ಭಾಗ ಒಂದ್ಸಲ ಬಾಗಿ ಅಲ್ಲಾಡ್ತು. ಅಪ್ಪ ಕಣ್ಣು ತೆಗೀದೆ, ಬಲಗೈ ಮುಂದೆ ಚಾಚಿ, ಎರಡು ಬೆರಳಲ್ಲಿ ಇಲ್ಲದ ನಾಬ್ ಹಿಡಿದು ಒಂಚೂರು ತಿರುಗಿಸಿದ್ರು. ಚಿತ್ರ ಸರಿ ಹೋಯ್ತು. ‘ನಿಂತ್ಕೊಂಡ್ತು ಅಪ್ಪ’ ಅಂದೆ.

ಮೂರನೇ ಟೇಪು ಈಗ ಡಿಕೋಡ್ ಆಗ್ತಿದೆ, ಅದು ಅಪೊಲೊ. ನಾಲ್ಕನೇದು ಇನ್ನೂ ಸಿಕ್ಕಿಲ್ಲ, ಅಲರ್ಟ್ ಇಟ್ಟಿದೀನಿ, ವಿಸಿಆರ್ ಮುಚ್ಚಳ ಇನ್ನೂ ಹಾಕಿಲ್ಲ.